ಮೂರು ಕೈಯ ಕಬ್ಬಿಣ

ಪಿಟೀಲು ಮೇಷ್ಟ್ರು ಟೈರಿನಂಗಡಿಗೆ ಬಂದದ್ದು ಕೈಗಾಡಿಯ ಮೇಲೆ ಒಂದು ಚಕ್ರ ಹೇರಿಸಿಕೊಂಡು. ಚಕ್ರವೆಂದರೆ ಪೂರ್ತಿ ಚಕ್ರವಲ್ಲ. ನಡುವಿನ ಮರದ ಕಡ್ಡಿಗಳು ಕಾರಿನಲ್ಲೇ ಉಳಿದಿದ್ದವು. ಬಂದದ್ದು ಅವುಗಳ ಸುತ್ತ ಬೋಲ್ಟು ಬಿಗಿದು ಕೂರಿಸಿದ್ದ ಕಬ್ಬಿಣದ ರಿಮ್ಮು, ದೊಡ್ಡದೊಂದು ಬಳೆಯ ಹಾಗೆ ಒಳಗೆಲ್ಲ ಬಯಲು. ಅದರ ಮೈಮೇಲೆ ಒಣಗಿ, ಬಿರುಕು ಬಿಟ್ಟು, ಕಬ್ಬಿಣಕ್ಕೇ ಕಚ್ಚಿಕೊಂಡು ಕೂತ ಹಳೇ ಟೈರು.

ಅಕ್ಕ ಹಿಂಬಾಗಿಲಿನ ಹೊಸ್ತಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅಂಗಡಿ ಅವಳ ತಮ್ಮನದು. ಮನೆ ಅಂಗಡಿಯ ಬೆನ್ನಿಗೇ ಅಂಟಿಕೊಂಡಿತ್ತು. ಅಕ್ಕ ಕೈಕಾಲು ಗಟ್ಟಿಯಿದ್ದಷ್ಟು ಕಾಲ ಸೂಲಗಿತ್ತಿಯಾಗಿದ್ದವಳು. ಆ ಬೀದಿಯಲ್ಲಿ ಮೀಸೆ ತಿರುವಿಕೊಂಡು ಓಡಾಡುವ ಗಂಡಸರಲ್ಲಿ ಅರ್ಧದಷ್ಟು ಜನರನ್ನು ತಲೆಕೆಳಗಾಗಿ ಹಿಡಿದು ಅಳಿಸಿದವಳು. ಕಣ್ಣಿಗೆ ಪೊರೆ ಬಂದ ಮೇಲೆ ತಾನಾಗಿಯೇ ಆ ಕೆಲಸದಿಂದ ಸರಿದು ಕೂತಳು. ಈಗ ಅವಳಿಗೆ ಜನ ಕಾಣುವುದಕ್ಕಿಂತ ಮೊದಲು ದನಿ ಕೇಳುತ್ತಿತ್ತು, ಆಮೇಲೆ ಮಂಜಿನೊಳಗಿಂದ ಎಂಬಂತೆ ಮೈ ಮೂಡುತ್ತಿತ್ತು.

“ಇದು ನಮ್ಮ ಸೋದರತ್ತೆಯ ಕಾರಿಂದು,” ಎಂದರು ಮೇಷ್ಟ್ರು. “ಅವರು ಹೋದ ಮೇಲೆ ಶೆಡ್ಡಿನಿಂದ ಆಚೆಗೇ ಬಂದಿಲ್ಲ. ಹೊಸ ಟೈರು ಹಡಗಿನಲ್ಲಿ ತರಿಸಿದೀನಿ, ಗಾಡೀಲಿದೆ. ಹಳೇದು ತೆಗೆದು ಅದನ್ನ ಹಾಕಿಕೊಡಿ ಸಾಕು. ಆದರೆ ರಿಮ್ಮಿಗೆ ಏನೂ ಆಗಬಾರದು. ಇಂಥದ್ದು ಈಗ ಯಾರೂ ಮಾಡೋಲ್ಲವಂತೆ.”

“ಅಂದ್ರೆ ಹಾವೂ ಸಾಯಬಾರದು, ಕೋಲೂ ಮುರೀಬಾರದು,” ಎಂದಳು ತಮ್ಮನ ಹೆಂಡತಿ, ಕೈಯಲ್ಲಿನ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ. ಅಂಗಡಿಯ ಕೆಲಸವೆಲ್ಲ ಈಗ ಅವಳದೇ. ಜಾಕಿ ಎತ್ತುವವಳು ಅವಳು, ಲಿವರು ಹಾಕಿ ಟೈರು ಮಗುಚುವವಳು ಅವಳು, ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುವವಳೂ ಅವಳೇ. ತಮ್ಮ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಸಲಹೆ ಕೊಡುತ್ತಿದ್ದ.

ಹೋದ ವರ್ಷದವರೆಗೆ ಹೀಗಿರಲಿಲ್ಲ. ಒಂದು ಲಾರಿಯ ಚಕ್ರಕ್ಕೆ ಅವನು ಗಾಳಿ ತುಂಬುತ್ತಿದ್ದಾಗ ರಿಮ್ಮಿನ ಉಂಗುರ ಸಿಡಿದು, ಅವನ ಕಿವಿಯ ಪಕ್ಕದಲ್ಲೇ ಹಾದು, ತಗಡಿನ ಸೂರನ್ನು ಹರಿದುಕೊಂಡು ಹೋಗಿತ್ತು. ಅವನ ಒಂದು ಕೂದಲೂ ಕೊಂಕಲಿಲ್ಲ. ಬಂದವರೆಲ್ಲ ಅದೃಷ್ಟವಂತ ಎಂದು ಬೆನ್ನು ತಟ್ಟಿ ಹೋದರು. ಮಾರನೆಯ ದಿನ ಅವನು ಸೊಂಟನೋವು ಎಂದು ಕುರ್ಚಿಯಲ್ಲಿ ಕೂತ. ಆ ಸೊಂಟನೋವು ಇವತ್ತಿಗೂ ಬಿಟ್ಟಿಲ್ಲ. ಅದು ಸೊಂಟದಲ್ಲಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಚಕ್ರ ಮುಟ್ಟದ ಟೈರಿನವನು ನೀರಿಗಿಳಿಯದ ಅಂಬಿಗನ ಹಾಗೆ. ನಗುತ್ತಿದ್ದ, ಉಣ್ಣುತ್ತಿದ್ದ, ಆದರೆ ಒಳಗೊಳಗೇ ಸವೆಯುತ್ತಿದ್ದ. ಈ ಕೈ ಮತ್ತೆ ಕಬ್ಬಿಣ ಹಿಡಿಯುವುದೋ ಇಲ್ಲವೋ ಎಂಬ ಒಂದೇ ಕೊರಗು ಅಕ್ಕನನ್ನು ತಿನ್ನುತ್ತಿತ್ತು.

“ಇದೂ ಕಾರಿನ ಜೊತೇಲೇ ಇತ್ತು,” ಎನ್ನುತ್ತ ಮೇಷ್ಟ್ರು ಗೋಣಿಚೀಲದಿಂದ ಏನನ್ನೋ ಎಳೆದು ನೆಲದ ಮೇಲಿಟ್ಟರು. ಧಡ್ ಎಂದಿತು. “ಅತ್ತೆ ಸೀಟಿನ ಕೆಳಗೇ ಇಟ್ಟಿರ್ತಿದ್ರು. ಏನು ಅಂತ ಕೇಳಿಕೊಳ್ಳೋ ಬುದ್ಧಿ ನನಗೆ ಆಗ ಬರಲಿಲ್ಲ. ನೀವು ಕಸುಬಿನವರು, ನಿಮಗೆ ಗೊತ್ತಿರುತ್ತೆ.”

ಕಸುಬಿನವರು ಬಗ್ಗಿ ನೋಡಿದರು. ನಡುವೆ ಒಂದು ಕಬ್ಬಿಣದ ಗುಬುಟು. ಅದರಿಂದ ಮೂರು ದಿಕ್ಕಿಗೆ ಚಾಚಿದ ಮೂರು ಕೈ. ಒಂದೊಂದು ಕೈಯ ತುದಿಯಲ್ಲೂ ಒಳಮುಖಕ್ಕೊಂದು, ಹೊರಮುಖಕ್ಕೊಂದು ಕೊಕ್ಕೆ. ಎರಡು ಕೈ ಅಲುಗಾಡುತ್ತಿರಲಿಲ್ಲ. ಮೂರನೆಯದಕ್ಕೆ ಮಾತ್ರ ತಿರುಪು; ಹಿಡಿ ತಿರುಗಿಸಿದರೆ ಆ ಕೈ ಉದ್ದವಾಗುತ್ತಿತ್ತು, ಹಿಂದಕ್ಕೆ ತಿರುಗಿಸಿದರೆ ಗಿಡ್ಡವಾಗುತ್ತಿತ್ತು.

“ಬಾವಿಗೆ ಬಿದ್ದ ಕೊಡ ಎತ್ತೋ ಪಾತಾಳಗರಡಿ ಇದು,” ಎಂದಳು ತಮ್ಮನ ಹೆಂಡತಿ.

“ಪಾತಾಳಗರಡಿಗೆ ತಿರುಪು ಯಾಕಿರುತ್ತೇ? ಬಾವಿ ಒಳಗೆ ಕೂತು ಯಾರು ತಿರುಗಿಸ್ತಾರೆ, ಕಪ್ಪೆನಾ?” ಕುರ್ಚಿಯಿಂದ ತಮ್ಮನ ದನಿ ಬಂತು. “ಬೇರಿಂಗು ಕೀಳೋ ಪುಲ್ಲರು ಅದು.”

“ಪುಲ್ಲರಿಗೆ ನಡುವೆ ಚೂಪು ಬೇಕಲ್ರೀ. ಇಲ್ಲಿ ಬರೀ ಗುಬುಟಿದೆ.”

“ಹಂಗಾದ್ರೆ ಆನೆ ಹಲ್ಲು ಕೀಳೋದು.”

“ನಾನು ಇದನ್ನ ಗೋಡೆಗೆ ಆನಿಸಿ ಪಿಟೀಲು ಒರಗಿಸೋಕೆ ಇಟ್ಕೊಂಡಿದ್ದೆ,” ಎಂದು ಮೇಷ್ಟ್ರು ನಾಚಿಕೊಂಡರು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಸಿಪ್ಪೆ ಊದಿಕೊಂಡು.

ನಗು ನಿಂತದ್ದು ಹೇಗೆಂದರೆ, ತಮ್ಮನ ಹೆಂಡತಿ ಆ ಕಬ್ಬಿಣವನ್ನು ಎತ್ತಿ, ಮಲಗಿಸಿದ್ದ ರಿಮ್ಮಿನ ಬಯಲಿನೊಳಕ್ಕೆ ಸುಮ್ಮನೆ ಇಳಿಬಿಟ್ಟಳು. ಮೂರು ಕೈಯೂ ಮೂರು ಕಡೆ ಹೋಗಿ ರಿಮ್ಮಿನ ಅಂಚಿಗೆ ಕೂತವು. ಒಂದಿಷ್ಟೂ ಹೆಚ್ಚಿಲ್ಲ, ಒಂದಿಷ್ಟೂ ಕಮ್ಮಿಯಿಲ್ಲ. ಮೈ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ.

“ಅಯ್ಯೋ,” ಎಂದಳು ಅವಳು ಮೆಲ್ಲಗೆ. “ಇದು ಇದರದ್ದೇ ರೀ. ಇದರ ಹೊಟ್ಟೆ ಒಳಗಿನದೇ.”

ಎಂದೋ ಸತ್ತುಹೋದ ಯಾರೋ ಒಬ್ಬ ಇದನ್ನು ಇದಕ್ಕೆಂದೇ ಅಳೆದು, ಕಾಸಿ, ಬಡಿದು ಮಾಡಿದ್ದ. ಅವನು ಹೋಗಿ, ಅವನ ಊರು ಎಲ್ಲಿತ್ತೆಂಬುದೂ ಮರೆತುಹೋಗಿ, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ಅಳತೆ ಮಾತ್ರ ಇಲ್ಲಿ, ಈ ಗ್ರೀಸಿನ ನೆಲದ ಮೇಲೆ, ತಪ್ಪದೆ ಬಂದು ಕೂತಿತ್ತು.

ಆದರೆ ಅಳತೆ ಗೊತ್ತಾದರೆ ಕೆಲಸ ಗೊತ್ತಾದಂತಲ್ಲ. ಟೈರಿನವರ ಕೈಗೆ ರೂಢಿಯಾದ ಪಾಠ ಒಂದೇ: ಬಿಗಿಯಾದದ್ದನ್ನು ಎಬ್ಬಿಸು, ಹಿಗ್ಗಿಸು, ಹೊರಕ್ಕೆ ಎಳೆ. ತಮ್ಮನ ಹೆಂಡತಿ ಮೊದಲು ಲಿವರು ಹಾಕಿ ಟೈರಿನ ಅಂಚನ್ನು ಎರಡೂ ಕಡೆ ಸುತ್ತ ಬಿಡಿಸಿದಳು. ಆಮೇಲೆ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು. ತಿರುಪಿನ ಕೈ ಉದ್ದವಾಯಿತು. ಕೊಕ್ಕೆ ರಿಮ್ಮನ್ನು ಹೊರಕ್ಕೆ ಒತ್ತಿತು. ಇನ್ನಷ್ಟು ತಿರುಗಿಸಿದಳು. ಟೈರು ಸಡಿಲವಾಗುವುದಿರಲಿ, ಹಳೇ ರಬ್ಬರು ಇನ್ನೂ ಬಿಗಿದುಕೊಂಡು ಕರಕರ ಎಂದಿತು. ಮತ್ತೊಂದು ಸುತ್ತು. ಕಬ್ಬಿಣ ಒಳಗಿನಿಂದ ನರಳಿತು. ತುಕ್ಕಿನ ಚಕ್ಕೆಗಳು ಟಪಟಪನೆ ಸಿಡಿದವು.

“ನಿಲ್ಲಿಸೇ! ನಿಲ್ಲಿಸು ಅಂದೆ!”

ತಮ್ಮ ಕುರ್ಚಿ ಬಿಟ್ಟು ಬಾಗಿಲಾಚೆ ಬೀದಿಯಲ್ಲಿ ನಿಂತಿದ್ದ. ಅವನು ಯಾವಾಗ ಎದ್ದ, ಯಾವಾಗ ಹೋದ, ಯಾರೂ ನೋಡಿರಲಿಲ್ಲ. ಅವನ ಉಸಿರು ಮಾತ್ರ ಹಿಂಬಾಗಿಲಿನ ಹೊಸ್ತಿಲವರೆಗೂ ಕೇಳುತ್ತಿತ್ತು.

ಹೆಂಡತಿ ಹಿಡಿ ಬಿಟ್ಟಳು. ಮೇಷ್ಟ್ರು ಗಾಬರಿಯಿಂದ ಅವನನ್ನೂ ಚಕ್ರವನ್ನೂ ನೋಡಿದರು.

“ಇದೆಲ್ಲ ಆಗೋ ಮಾತಲ್ಲ,” ಎಂದ ತಮ್ಮ, ಒಳಗೆ ಬಾರದೆಯೇ. “ಪಕ್ಕದ ವೆಲ್ಡಿಂಗಿನವನನ್ನ ಕರೀ. ಗ್ಯಾಸಿಟ್ಟು ರಿಮ್ಮು ಕತ್ತರಿಸಲಿ. ಆಮೇಲೆ ಬೆಸೆದರಾಯ್ತು.”

“ಕತ್ತರಿಸಿದ್ದು ಮತ್ತೆ ಮೊದಲಿನ ಹಾಗೇ ಗುಂಡಗೆ ಬರುತ್ತಾ?” ಎಂದು ಮೇಷ್ಟ್ರು ಕೇಳಿದರು.

ತಮ್ಮ ಬೀದಿಯ ಕಡೆ ಮುಖ ತಿರುಗಿಸಿದ. ಕೊನೆಗೆ ಮೇಷ್ಟ್ರೇ, “ಸರಿ, ನಿಮಗೆ ಹೇಗೆ ಅನುಕೂಲವೋ ಹಾಗೆ,” ಎಂದರು. ಕಾಯಿಲೆಯವರ ಮನೆಯಲ್ಲಿ ಆಡುವ ದನಿಯಲ್ಲಿ ಅಂದರು.

ಅಕ್ಕ ಹೆದರಿದ್ದು ರಿಮ್ಮಿಗಾಗಿ ಅಲ್ಲ. ಇವತ್ತು ಇದನ್ನು ಕತ್ತರಿಸಿಬಿಟ್ಟರೆ, ತಮ್ಮನ ಪಾಲಿಗೆ ಚಕ್ರವೆಂದರೆ ಕತ್ತರಿಸಿ ಕೊಲ್ಲಬೇಕಾದ ಪ್ರಾಣಿ ಎಂದೇ ಆಗಿಹೋಗುತ್ತದೆ. ಆಮೇಲೆ ಅವನನ್ನು ಆ ಕುರ್ಚಿಯಿಂದ ಎಬ್ಬಿಸುವುದು ದೇವರಿಂದಲೂ ಆಗದು.

“ನೆಗಡಿ ಬಂತು ಅಂತ ಮೂಗು ಕುಯ್ಕೋತಾರೇನೋ?” ಎನ್ನುತ್ತ ಅವಳು ಬೆಳ್ಳುಳ್ಳಿಯ ಮೊರ ಸರಿಸಿ ಎದ್ದಳು.

ಅಷ್ಟರಲ್ಲಿ, ಬೀದಿಯಲ್ಲಾಡಿದ ಮಾತು ಕೇಳಿಸಿಕೊಂಡ ವೆಲ್ಡಿಂಗಿನವನು ತನ್ನ ಸಿಲಿಂಡರನ್ನು ಗಡಗಡ ಉರುಳಿಸಿಕೊಂಡು ಬಂದೇಬಿಟ್ಟ. “ಎಲ್ಲಿ ಕತ್ತರಿಸ್ಲಿ? ದೊಡ್ಡಮ್ಮಾ, ಸ್ವಲ್ಪ ಆಚೆ ಸರೀರಿ, ಕಿಡಿ ಹಾರುತ್ತೆ.”

“ಈ ಲೋಕದಲ್ಲಿ ನಿನಗೆ ಮೊದಲ ಏಟು ಕೊಟ್ಟೋಳು ನಾನು,” ಎಂದಳು ಅಕ್ಕ. “ಎರಡನೇದು ತಿನ್ನಬೇಡ. ಅದನ್ನ ಅಲ್ಲೇ ನಿಲ್ಲಿಸಿ ಸುಮ್ನೆ ಕೂತ್ಕೋ.”

ವೆಲ್ಡಿಂಗಿನವನು ಹಲ್ಲು ಕಿರಿದು ಸಿಲಿಂಡರಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ.

ಅಕ್ಕ ಚಕ್ರದ ಪಕ್ಕ ಮಂಡಿಯೂರಿದಳು. ಅವಳ ಕಣ್ಣಿಗೆ ಅದು ಕಪ್ಪು ಮಂಜಿನ ಒಂದು ಉಂಗುರ, ಅಷ್ಟೆ. ತಮ್ಮನ ಹೆಂಡತಿಗೆ ಹೇಳಿ ಆ ಮೂರು ಕೈಯ ಕಬ್ಬಿಣವನ್ನು ಹೊರಗೆ ತೆಗೆಸಿ, ರಿಮ್ಮಿನ ಒಳಮೈಗೆ ಬೆರಳಿಟ್ಟಳು. ಯಾಕಿಟ್ಟಳು ಎಂದರೆ ಅವಳಿಗೇ ಗೊತ್ತಿರಲಿಲ್ಲ. ಹೊರಗೆ ಬರಲೊಲ್ಲದ ಯಾವುದನ್ನಾದರೂ ಕಂಡರೆ ಮೊದಲು ಬೆರಳಿಟ್ಟು ನೋಡುವುದು ಅವಳ ಕಸುಬಿನ ರೂಢಿ. ತಳ್ಳುವುದಲ್ಲ, ಎಳೆಯುವುದಲ್ಲ. ಮೊದಲು ಕೇಳಿಸಿಕೊಳ್ಳುವುದು. ಬೆರಳಿನಿಂದ.

ತುಕ್ಕು, ತುಕ್ಕು, ಬಣ್ಣದ ಪದರ, ಒಂದು ತಗ್ಗು, ಮತ್ತೆ ತುಕ್ಕು. ಅವಳು ಅವಸರ ಮಾಡಲಿಲ್ಲ. ಬೆರಳು ಸುತ್ತಿ ಬಂದು ಒಂದು ಕಡೆ ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಅಲ್ಲಿಗೇ ಬಂತು. ತುಕ್ಕಿನಡಿಯಲ್ಲಿ ಒಂದು ಕೂದಲೆಳೆಯಷ್ಟು ಗೆರೆ. ಅಂಚಿನಿಂದ ಅಂಚಿಗೆ, ಓರೆಯಾಗಿ.

ಈ ಗೆರೆಯನ್ನು ಅವಳ ಬೆರಳು ಬಲ್ಲದು. ಕಣ್ಣು ಕಾಣದ ಕತ್ತಲೆಯಲ್ಲಿ, ಎಷ್ಟೋ ತಾಯಂದಿರ ಒಡಲಲ್ಲಿ, ಇದೇ ಗೆರೆಯನ್ನು ಹುಡುಕಿ ಹುಡುಕಿ ಅದು ಸವೆದಿದೆ. ಕೂಸಿನ ನೆತ್ತಿಯ ಮೇಲೆ ಮೂಳೆಗೂ ಮೂಳೆಗೂ ನಡುವಿನ ಹೊಲಿಗೆ. ಅದು ಯಾವ ಕಡೆಗೆ ವಾಲಿದೆ ಎಂದು ತಿಳಿದರೆ ಕೂಸು ಯಾವ ಕಡೆಗೆ ಮುಖಮಾಡಿದೆ ಎಂದು ತಿಳಿಯುತ್ತದೆ.

ಇಷ್ಟುದ್ದದ ಹುಡುಗಿಯಾಗಿದ್ದಾಗ, ಅವ್ವ ನೋವು ತಿನ್ನುತ್ತಿದ್ದ ಕೋಣೆಯಲ್ಲಿ, ಅಂದಿನ ಮುದಿ ಸೂಲಗಿತ್ತಿ ಇವಳ ಬೆರಳನ್ನು ಹಿಡಿದು ಅಲ್ಲಿಗೆ ಒಯ್ದಿದ್ದಳು. “ಹೆದರಬೇಡ ಮಗಳೇ. ತಲೆ ಅನ್ನೋದು ಒಂದೇ ಚಿಪ್ಪಲ್ಲ. ಒಂದರಡಿ ಒಂದು ಸರಿದು ಚಿಕ್ಕದಾಗುತ್ತೆ, ಬಾಗಿಲು ದಾಟುತ್ತೆ, ಹೊರಗೆ ಬಂದಮೇಲೆ ತಾನಾಗೇ ಅಗಲವಾಗಿ ಕೂತ್ಕೊಳ್ಳುತ್ತೆ. ಬಾಗಿಲನ್ನ ದೊಡ್ಡದು ಮಾಡೋಕೆ ನಮ್ಮ ಕೈಲಾಗೋಲ್ಲ. ಬರೋರೇ ಬಾಗಬೇಕು.” ಆ ದಿನ ಹಾಗೆ ಬಾಗಿ ಬಂದವನು ಈ ತಮ್ಮ.

“ಲೋ,” ಎಂದು ಕರೆದಳು ಅಕ್ಕ. “ಬಾರೋ ಇಲ್ಲಿ. ಇದಕ್ಕೆ ಹೊಲಿಗೆ ಇದೆ ಕಣೋ.”

“ಕಬ್ಬಿಣಕ್ಕೆ ಎಂಥಾ ಹೊಲಿಗೆ ಅಕ್ಕ?”

“ಇದು ಇಡೀ ಬಳೆ ಅಲ್ಲ. ಒಂದು ಕಡೆ ಸೀಳಿದೆ. ಮಾಡಿದವನೇ ಸೀಳಿಟ್ಟಿದಾನೆ. ಟೈರು ಹಿಗ್ಗಲ್ಲ ಕಣೋ, ರಿಮ್ಮೇ ಕುಗ್ಗುತ್ತೆ. ಒಂದು ತುದಿ ಇನ್ನೊಂದರ ಒಳಕ್ಕೆ ಸರಿದು ಚಿಕ್ಕದಾಗಿ ಆಚೆಗೆ ಬರುತ್ತೆ. ನೀನು ಬಂದ ಹಾಗೆ. ನೀನು ಹುಟ್ಟಿದಾಗ ತಲೆ ಸೌತೆಕಾಯಿ ಹಾಗೆ ಉದ್ದಕ್ಕಿತ್ತು.”

“ಈಗಲೂ ಅಷ್ಟೇನೂ ಸರಿಹೋಗಿಲ್ಲ ಅತ್ತಿಗೆ,” ಎಂದಳು ತಮ್ಮನ ಹೆಂಡತಿ. ತಮಾಷೆಗೆ ಅಂದಳಾದರೂ ಅಷ್ಟರಲ್ಲೇ ಸೀಮೆಎಣ್ಣೆಯ ಬಟ್ಟೆ ತಂದು, ಅಕ್ಕನ ಬೆರಳಿದ್ದ ಜಾಗವನ್ನು ಗಸಗಸ ಉಜ್ಜತೊಡಗಿದ್ದಳು.

ತುಕ್ಕು ಕರಗಿ ಹೋದಂತೆ ಗೆರೆ ಎದ್ದು ಬಂತು. ಚೂಪಾದ ಚಾಕುವಿನಿಂದ ಹಣ್ಣು ಕೊಯ್ದಷ್ಟು ನಯವಾದ ಓರೆ ಸೀಳು. ಅದರ ಅಡ್ಡಕ್ಕೆ, ತುಕ್ಕಿನ ಗಡ್ಡೆಯೆಂದು ಎಲ್ಲರೂ ತಿಳಿದಿದ್ದ ಕಡೆ, ಒಂದು ಪುಟಾಣಿ ಚಿಲಕ. ಮನೆಯ ಕಿಟಕಿಗೆ ಇರುವಂಥದ್ದೇ, ಅದಕ್ಕಿಂತ ಗಟ್ಟಿ.

“ಅತ್ತೆಗೆ ಇದು ಗೊತ್ತಿತ್ತು,” ಎಂದರು ಮೇಷ್ಟ್ರು ತಮ್ಮಷ್ಟಕ್ಕೆ. “ದಾರೀಲಿ ಎಲ್ಲೋ ಒಬ್ಬರೇ ಇಳಿದು, ಇದನ್ನ ಬಿಚ್ಚಿ, ಹಾಕಿ, ಕೈ ತೊಳೆದುಕೊಂಡು ಮನೆಗೆ ಬರ್ತಿದ್ರು. ಒಂದು ದಿನವೂ ಹೇಳಲಿಲ್ಲ. ನಾವೂ ಕೇಳಲಿಲ್ಲ.”

ತಮ್ಮನ ಹೆಂಡತಿ ಸ್ಕ್ರೂಡ್ರೈವರು ಕೊಟ್ಟು ಚಿಲಕ ಎಬ್ಬಿಸಿದಳು. ಮೂರು ಕೈಯ ಕಬ್ಬಿಣವನ್ನು ಮತ್ತೆ ಒಳಗಿಟ್ಟಳು. ತಿರುಪಿನ ಕೈಯನ್ನು ಸೀಳಿನ ಬಲಗಡೆಯ ತುದಿಗೆ ಸಿಕ್ಕಿಸಿ ಈ ಸಲ ಉಲ್ಟಾ ತಿರುಗಿಸಿದಳು. ಕಬ್ಬಿಣ ಕಿರುಗುಟ್ಟಿತು. ತುದಿ ಜಗ್ಗಲಿಲ್ಲ.

“ಹಂಗಲ್ಲ,” ಎಂದ ತಮ್ಮ ಬಾಗಿಲಿಂದ.

“ಹೆಂಗೆ ಮತ್ತೆ?”

“ಓರೆ ನೋಡೇ. ಯಾವ ಕಡೆಗೆ ಕೊಯ್ದಿದಾನೆ ನೋಡು. ಆ ತುದಿ ಇದರ ಮೇಲೆ ಕೂತಿದೆ. ಅದು ಒಳಕ್ಕೆ ಹೆಂಗೆ ಬರುತ್ತೆ? ಇದರ ಬೆನ್ನಿಗೇ ಒದೆಯುತ್ತೆ. ಎಡಗಡೇದು ಹಿಡಿ. ನಿನ್ನ ಎಡ ಅಲ್ವೇ, ರಿಮ್ಮಿನ ಎಡ! ಅಯ್ಯೋ ನಿನ್ನ…”

ಅವನು ಒಳಗೆ ಬಂದಿದ್ದ. ಬಂದದ್ದು ಅವನಿಗೇ ತಿಳಿದಂತಿರಲಿಲ್ಲ. ಹೆಂಡತಿಯನ್ನು ಭುಜದಿಂದ ಆಚೆ ತಳ್ಳಿ, ಕುಕ್ಕರುಗಾಲಲ್ಲಿ ಕೂತು, ಕೊಕ್ಕೆ ಬಿಡಿಸಿ ಈ ತುದಿಗೆ ಹಾಕಿದ. ಹಿಡಿಗೆ ಕೈ ಹಚ್ಚಿದ. ಅವನ ಕಣ್ಣು ಆ ಓರೆ ಗೆರೆಯ ಮೇಲೆ ನೆಟ್ಟಿತ್ತು. ಒಗಟು ಬಿಡಿಸುವ ಮಗುವಿನ ಬಾಯಿಯ ಹಾಗೆ ಅವನ ಬಾಯಿ ಅರ್ಧ ತೆರೆದಿತ್ತು. ಬೇರೆಯವರು ಉಸಿರಾಡುವುದನ್ನೂ ನಿಲ್ಲಿಸಿದರು, ಎಲ್ಲಿ ಅವನಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಾಗಿಬಿಡುತ್ತದೋ ಎಂದು.

ಒಂದು ಸುತ್ತು. ಇನ್ನೊಂದು. ತುದಿ ನಡುಗಿತು, ಟಕ್ ಎಂದು ಜಾರಿತು, ಜೋಡಿಯ ಅಡಿಗೆ ನುಸುಳಿತು.

ಆಮೇಲೆ ನಡೆದದ್ದನ್ನು ವೆಲ್ಡಿಂಗಿನವನು ಬಹಳ ದಿನ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಸುತ್ತಿಗೆಗೂ ಬಗ್ಗದ ಆ ಕಬ್ಬಿಣದ ಬಳೆ, ಉಸಿರು ಒಳಗೆಳೆದುಕೊಂಡ ಹೊಟ್ಟೆಯ ಹಾಗೆ, ಸದ್ದಿಲ್ಲದೆ ಕುಗ್ಗಿತು. ಸುತ್ತಲೂ ಟೈರಿಗೂ ರಿಮ್ಮಿಗೂ ನಡುವೆ ಒಂದು ಕಪ್ಪು ಸಂದು ಮೂಡಿತು. ತಮ್ಮ ಮೆಲ್ಲಗೆ ಎತ್ತಿದ. ರಿಮ್ಮು ಬಂತು. ಟೈರು ನೆಲದ ಮೇಲೆ ತೊಪ್ಪನೆ ಬಿದ್ದುಕೊಂಡಿತು, ಹೊರೆ ಇಳಿಸಿದವರ ಹಾಗೆ.

ವೆಲ್ಡಿಂಗಿನವನು ಎದ್ದು ನಿಂತುಬಿಟ್ಟ. ಮೇಷ್ಟ್ರು ಎರಡೂ ಕೈ ಜೋಡಿಸಿ ಗಲ್ಲಕ್ಕೆ ಒತ್ತಿಕೊಂಡಿದ್ದರು. ಅಕ್ಕನಿಗೆ ಕಂಡದ್ದು ಮಂಜು ಮಾತ್ರ. ಆದರೂ ಅವಳ ಕಣ್ಣಲ್ಲಿ ನೀರು ಬಂತು. ಯಾವನೋ ಕಮ್ಮಾರ, ಅವಳಿಗೆ ಮುಖ ಗೊತ್ತಿಲ್ಲದವನು, ಯಾವ ಸೂಲಗಿತ್ತಿಯನ್ನೂ ಕೇಳದೆ, ತಾಯ ಒಡಲು ಮಾಡುವ ಯೋಚನೆಯನ್ನೇ ಮಾಡಿದ್ದ. ಮೂಳೆಗೂ ಕಬ್ಬಿಣಕ್ಕೂ ಒಂದೇ ಬುದ್ಧಿ ಹೊಳೆದಿತ್ತು. ಈ ಬುದ್ಧಿ ಎಲ್ಲಿ ಇರುತ್ತದೆ, ಎಲ್ಲಿಂದ ಇವರಿಗೂ ಅವರಿಗೂ ಹಂಚಿ ಬರುತ್ತದೆ? ಅವಳಿಗೆ ಕೇಳಬೇಕೆನಿಸಿತು, ಯಾರನ್ನು ಕೇಳುವುದು ತಿಳಿಯಲಿಲ್ಲ.

ಹೊಸ ಟೈರು ಕೂರಿಸುವುದು ಕಷ್ಟವಾಗಲಿಲ್ಲ. ಹೊಸ ಟ್ಯೂಬು ಹಾಕಿ, ಕುಗ್ಗಿದ ರಿಮ್ಮನ್ನು ಒಳಗಿಟ್ಟು, ಈಗ ತಿರುಪಿನ ಕೈಯನ್ನು ಉದ್ದಮಾಡುತ್ತ ಬಂದ ತಮ್ಮ. ತುದಿಗಳು ಒಂದನ್ನೊಂದು ಸವರಿಕೊಂಡು ಬಂದು ಎದುರುಬದುರು ನಿಂತವು. ಗೆರೆ ಮುಚ್ಚಿಕೊಂಡಿತು. ಚಿಲಕ ಬಿತ್ತು.

ಉಳಿದದ್ದು ಗಾಳಿ.

ತಮ್ಮನ ಹೆಂಡತಿ ಗಾಳಿಯ ಪೈಪು ತಂದು ನೆಲದ ಮೇಲಿಟ್ಟಳು. ಆ ಪೈಪಿನ ಬಾಯಿ ಸುಯ್ ಎಂದು ಒಮ್ಮೆ ಸದ್ದು ಮಾಡಿತು. ಅಷ್ಟೇ ಸಾಕಾಯಿತು. ತಮ್ಮನಿಗೆ ಎಚ್ಚರವಾಯಿತು. ಅವನು ತನ್ನ ಎರಡೂ ಕೈಗಳನ್ನು, ಬೇರೆ ಯಾರದೋ ಎಂಬಂತೆ, ನೋಡಿಕೊಂಡ. ಎದ್ದು ಹಿಂದೆ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟ.

“ನಾನು ತುಂಬ್ತೀನಿ ಬಿಡಿ,” ಎಂದಳು ಹೆಂಡತಿ. ದನಿಯಲ್ಲಿ ದೂರಿರಲಿಲ್ಲ. ಪೈಪಿಗೆ ಕೈ ಚಾಚಿದಳು.

ಅಕ್ಕನಿಗೆ ನೂರು ಮಾತು ಬಾಯಿಗೆ ಬಂತು. ಒಂದನ್ನೂ ಆಡಲಿಲ್ಲ. ಹೆರಿಗೆಯಲ್ಲೂ ಹೀಗೊಂದು ಗಳಿಗೆ ಬರುತ್ತದೆ. ಆಗ ಸೂಲಗಿತ್ತಿ ಬಾಯಿ ಮುಚ್ಚಿಕೊಂಡು ಕೈ ಕಟ್ಟಿ ಕೂರಬೇಕು. ಅವಳು ಚಕ್ರದ ಪಕ್ಕದಿಂದ ಏಳಲೂ ಇಲ್ಲ, ಮಂಡಿ ಹಿಡಿದುಕೊಂಡಿತ್ತು.

“ಅಕ್ಕ, ಅಲ್ಲಿಂದ ಏಳು,” ಎಂದ ತಮ್ಮ.

“ಏಳ್ತೀನಪ್ಪಾ. ಮಂಡಿ ಬಿಡ್ತಿಲ್ಲ.”

“ಏಳು ಅಂದ್ರೆ! ಏ, ನೀನೂ ಪೈಪು ಬಿಡು. ಚಿಲಕ ಪೂರ್ತಿ ಕೂತಿದೆಯೋ ಇಲ್ಲವೋ ಯಾರಾದ್ರೂ ನೋಡಿದಿರಾ? ಸರಪಳಿ ಎಲ್ಲಿ? ಸರಪಳಿ ಹಾಕದೆ ಯಾರೇ ಗಾಳಿ ತುಂಬ್ತಾರೆ?”

ಬೈಯುತ್ತಲೇ ಬಂದ. ಅಕ್ಕನನ್ನು ಕಂಕುಳಿಗೆ ಕೈ ಕೊಟ್ಟು ಎತ್ತಿ, ಹಿಂಬಾಗಿಲವರೆಗೆ ನಡೆಸಿ ಕೂರಿಸಿದ. ತಿರುಗಿ ಹೋದ. ಚಿಲಕದ ಮೇಲೆ ಹೆಬ್ಬೆರಳಿಟ್ಟು ಒತ್ತಿದ, ಸೀಳಿನ ಗೆರೆಯನ್ನು ಉಗುರಿನಿಂದ ಎರಡು ಸಲ ಸವರಿದ. ಮೂಲೆಯಿಂದ ಸರಪಳಿ ಎಳೆದು, ಚಕ್ರಕ್ಕೆ ಸುತ್ತಿ, ಕಬ್ಬಿಣದ ಕಂಬಕ್ಕೆ ಬಿಗಿದ. ಎಲ್ಲರನ್ನೂ ಕಂಬದ ಆಚೆಗೆ ಅಟ್ಟಿದ. ಹೆಂಡತಿಯ ಕೈಯಿಂದ ಪೈಪು ಇಸಿದುಕೊಂಡ.

“ನಡುಗ್ತಿದೀರಿ,” ಎಂದಳು ಅವಳು ಮೆಲ್ಲಗೆ.

“ನಡುಗ್ಲಿ ಬಿಡು,” ಎಂದ.

ಗಾಳಿ ಹೋಗತೊಡಗಿತು. ಅಕ್ಕ ಕಣ್ಣು ಮುಚ್ಚಿ ಕೇಳಿದಳು. ರಬ್ಬರು ಮೈಮುರಿಯಿತು. ಅಂಚು ಒಂದು ಕಡೆ ಪಟ್ ಎಂದು ಕೂತಿತು. ಆ ಸದ್ದಿಗೆ ಗಾಳಿ ನಿಂತಿತು. ಬಹಳ ಹೊತ್ತು ನಿಂತಿತು. ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿದರು. ಆಮೇಲೆ ಸುಯ್ ಎಂದು ಮತ್ತೆ ಶುರುವಾಯಿತು, ಈ ಸಲ ಒಂದೇ ಸಮನೆ, ನಿದ್ದೆ ಹೋದವರ ಉಸಿರಿನ ಹಾಗೆ. ಇನ್ನೊಂದು ಕಡೆಯ ಅಂಚೂ ಕೂತಿತು. ಗಾಳಿ ನಿಲ್ಲಲಿಲ್ಲ.

ಪೈಪು ಕಿತ್ತ ಸದ್ದು. ಸರಪಳಿ ನೆಲಕ್ಕೆ ಬಿದ್ದ ಸದ್ದು. ತುಂಬಿದ ಟೈರನ್ನು ಅಂಗೈಯಿಂದ ತಟ್ಟಿದ ಸದ್ದು, ದಪ್ಪಗೆ, ಗಟ್ಟಿಯಾಗಿ.

“ಮೇಷ್ಟ್ರೇ,” ಎಂದ ತಮ್ಮ. “ಉಳಿದ ಮೂರು ಚಕ್ರ ಯಾವಾಗ ತರ್ತೀರಿ?”

“ನೀವು ಯಾವಾಗ ಅಂದ್ರೆ ಆವಾಗ.”

“ಈಗಲೇ ತನ್ನಿ. ಗಾಡಿಯೋನು ಇನ್ನೂ ಬಾಗಿಲಲ್ಲೇ ಇದಾನೆ.”